ಕವಚ ಬಂದರೆ ಸಾಕಾ? ರೈಲು ಹಳಿಗೆ ಹಣಕ್ಕಿಂತ ಜಾಸ್ತಿ ಬೇಕಿರುವುದು ಬಿಡುವು

ದೇಶದ ಯಾವ ಮೂಲೆಯಲ್ಲಿ ರೈಲು ಹಳಿ ತಪ್ಪಿದರೂ ಅವತ್ತು ಸಂಜೆಯ ಟಿವಿ ಚರ್ಚೆ ಹೆಚ್ಚುಕಡಿಮೆ ಒಂದೇ ಥರ ಸಾಗುತ್ತದೆ. ಒಬ್ಬರು ‘ಹತ್ತು ವರ್ಷದಲ್ಲಿ ಅಪಘಾತಗಳು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದಿವೆ’ ಅನ್ನುತ್ತಾರೆ. ಇನ್ನೊಬ್ಬರು ‘ಹೊಸ ರೈಲಿಗೆ ಬಾವುಟ ತೋರಿಸೋಕೆ ಪುರುಸೊತ್ತಿದೆ, ಕವಚ ಹಾಕೋಕೆ ಇಲ್ಲ’ ಅನ್ನುತ್ತಾರೆ. (ಕವಚ ಅಂದರೆ ಚಾಲಕರು ಬ್ರೇಕ್ ಹಾಕದಿದ್ದರೆ ತಾನೇ ಹಾಕಿ ಡಿಕ್ಕಿ ತಪ್ಪಿಸುವ ವ್ಯವಸ್ಥೆ.) ಮಾರನೇ ದಿನ ‘ಲೋಕೋ ಪೈಲಟ್ ನಿರ್ಲಕ್ಷ್ಯ?’ ಅಂತ ಪ್ರಶ್ನೆ ಗುರುತು ಹೊತ್ತ ತಲೆಬರಹ ಬರುತ್ತದೆ. ವಾರದೊಳಗೆ ಸುದ್ದಿ ತಣ್ಣಗಾಗುತ್ತದೆ. ತನಿಖಾ ವರದಿ ಬರುವ ಹೊತ್ತಿಗೆ ಯಾವ ರೈಲು, ಯಾವ ಊರು ಅನ್ನೋದೇ ಜನರಿಗೆ ನೆನಪಿರಲ್ಲ.

ಗೊಂದಲ ಏನೆಂದರೆ, ಇವರಲ್ಲಿ ಯಾರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ. ಅಪಘಾತ ಕಡಿಮೆಯಾಗಿರುವುದು ನಿಜ. ಕವಚ ನಿಧಾನವಾಗಿರುವುದೂ ನಿಜ. ಕೆಲವು ಸಲ ಚಾಲಕರ ತಪ್ಪೂ ನಿಜ. ಹಾಗಾದರೆ ರೈಲು ಮೊದಲಿಗಿಂತ ಸುರಕ್ಷಿತವೋ, ಅಲ್ಲವೋ? ಅಲ್ಲದಿದ್ದರೆ ಸಿಕ್ಕಿಹಾಕಿಕೊಂಡಿರುವುದು ಎಲ್ಲಿ?

ಲೆಕ್ಕ ಎರಡು, ಎರಡೂ ಸರಿ

ರೈಲ್ವೆ ತನ್ನ ಲೆಕ್ಕದಲ್ಲಿ ‘ಪರಿಣಾಮ ಬೀರಿದ ಅಪಘಾತ’ ಅಂತ ಒಂದು ವರ್ಗ ಇಟ್ಟುಕೊಂಡಿದೆ. ಸಾವು, ಗಾಯ, ಒಂದು ಮಿತಿ ಮೀರಿದ ಆಸ್ತಿ ನಷ್ಟ, ಅಥವಾ ತುಂಬಾ ಹೊತ್ತು ಸಂಚಾರ ನಿಂತದ್ದು ಇದರಲ್ಲಿ ಬರುತ್ತವೆ. ಈ ಲೆಕ್ಕದ ಪ್ರಕಾರ 2000-01ರಲ್ಲಿ 473 ಅಪಘಾತ ಆಗಿದ್ದವು. 2014-15ರಲ್ಲಿ 135. 2023-24ರಲ್ಲಿ 40. ದಿನಕ್ಕೆ ಸುಮಾರು 2 ಕೋಟಿ ಜನ ಓಡಾಡುವ ಜಾಲದಲ್ಲಿ ಇದು ಸಣ್ಣ ಸಾಧನೆಯಲ್ಲ.

ಇಳಿಕೆಗೆ ಕಾರಣಗಳೂ ಗೊತ್ತಿರುವಂಥವೇ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲುಗಾರರಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಜನವರಿ ಹೊತ್ತಿಗೆ ಪೂರ್ತಿ ತೆಗೆದರು. ಶಾಲಾ ವ್ಯಾನು, ಟ್ರ್ಯಾಕ್ಟರ್‌ಗಳಿಗೆ ರೈಲು ಗುದ್ದಿದ ಸುದ್ದಿ ಈಗ ಅಷ್ಟಾಗಿ ಕೇಳಲ್ಲ, ಅಲ್ವಾ? ಇನ್ನೊಂದು, ಹಳೆಯ ಐಸಿಎಫ್ ಮಾದರಿಯ ಬೋಗಿಗಳ ಬದಲು ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳು ಬಂದದ್ದು. ಡಿಕ್ಕಿಯಾದಾಗ ಇವು ಒಂದರ ಮೇಲೊಂದು ಹತ್ತುವುದು ಕಡಿಮೆ. ಜೊತೆಗೆ ಹಳಿ ಬದಲಾವಣೆ, ಬೆಸುಗೆ ಪರೀಕ್ಷೆ, ಸಿಗ್ನಲ್ಲನ್ನೂ ರೈಲಿನ ದಾರಿಯನ್ನೂ ಒಂದಕ್ಕೊಂದು ಕಟ್ಟುವ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಎಲ್ಲ ಸೇರಿ ಈ ಅಂಕಿ ಇಳಿದಿದೆ.

ಇನ್ನೊಂದು ಲೆಕ್ಕ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ್ದು. ಅದರಲ್ಲಿ 2022ರಲ್ಲಿ ‘ರೈಲ್ವೆ ಅಪಘಾತ’ದಲ್ಲಿ ಸತ್ತವರು 20,000ಕ್ಕೂ ಹೆಚ್ಚು. ಮೊದಲ ಸಲ ಓದಿದವರು ಬೆಚ್ಚಿಬೀಳುತ್ತಾರೆ. ಇದರಲ್ಲಿ ಬಹುಪಾಲು ಬಾಗಿಲಿಂದ ಬಿದ್ದವರು, ಹಳಿ ದಾಟುವಾಗ ಸಿಕ್ಕಿಕೊಂಡವರು. ರೈಲ್ವೆಯ 40ರಲ್ಲಿ ಇವರು ಬರಲ್ಲ. 2025ರ ಜೂನ್‌ನಲ್ಲಿ ಮುಂಬೈ ಹತ್ತಿರದ ಮುಂಬ್ರಾದಲ್ಲಿ ಕಿಕ್ಕಿರಿದ ಲೋಕಲ್ ರೈಲುಗಳಿಂದ ಬಿದ್ದು ಸತ್ತವರಿದ್ದಾರಲ್ಲ, ಅವರಿಗೆ ಯಾವ ರೈಲೂ ಡಿಕ್ಕಿ ಹೊಡೆದಿರಲಿಲ್ಲ. ರೈಲಿನೊಳಗೆ ಜಾಗ ಇರಲಿಲ್ಲ, ಅಷ್ಟೇ.

ಹಾಗಾಗಿ ‘ಅಪಘಾತ ಕಡಿಮೆಯಾಗಿದೆ’ ಎನ್ನುವವರು ಡಿಕ್ಕಿ, ಹಳಿ ತಪ್ಪುವಿಕೆ ಬಗ್ಗೆ ಮಾತಾಡುತ್ತಿದ್ದಾರೆ. ‘ರೈಲು ಸುರಕ್ಷಿತವಲ್ಲ’ ಎನ್ನುವವರು ಒಮ್ಮೊಮ್ಮೆ ಪೂರಾ ಬೇರೆ ವಿಷಯದ ಬಗ್ಗೆ. ಇಲ್ಲಿಂದ ಮುಂದೆ ನಾವು ನೋಡುವುದು ಮೊದಲನೆಯದನ್ನು.

ಹೊಸದುರ್ಗ ರೋಡ್‌ನಲ್ಲಿ ಆಗದೇ ಹೋದ ಅಪಘಾತ

ರೈಲ್ವೆಯ ಲೆಕ್ಕಕ್ಕೆ ಸಿಗದ ಇನ್ನೊಂದು ಬಗೆಯ ಘಟನೆ ಇದೆ. ಆಗಬೇಕಿತ್ತು, ಆಗಲಿಲ್ಲ ಅನ್ನುವಂಥದ್ದು.

2023ರ ಫೆಬ್ರವರಿ 8. ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ನಿಲ್ದಾಣ. ಯಶವಂತಪುರದಿಂದ ದಿಲ್ಲಿಯ ನಿಜಾಮುದ್ದೀನ್‌ಗೆ ಹೊರಟಿದ್ದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಸಿಕ್ಕಿತ್ತು. ಆದರೆ ಮುಂದಿದ್ದ ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ, ಬೇರೆ ದಾರಿಗೆ ತಿರುಗಿತ್ತು. ಲೋಕೋ ಪೈಲಟ್ ಕಣ್ಣಿಗೆ ಅದು ಬಿತ್ತು. ರೈಲು ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ.

ಏನೂ ಆಗದ ಕಾರಣ ಇದು ‘ಪರಿಣಾಮ ಬೀರಿದ ಅಪಘಾತ’ ಅಲ್ಲ. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಸಂಚಾರ ಅಧಿಕಾರಿಯೊಬ್ಬರು ಪತ್ರ ಬರೆದರು. ಸಿಗ್ನಲ್ ಕೊಟ್ಟ ಮೇಲೂ ದಾರಿ ಬದಲಾಗುತ್ತಿದೆ ಅಂದರೆ ಇಂಟರ್‌ಲಾಕಿಂಗ್‌ನ ಮೂಲ ನಿಯಮವೇ ಮುರಿದಂತೆ, ಸರಿಪಡಿಸದಿದ್ದರೆ ದೊಡ್ಡ ಅನಾಹುತ ಕಾದಿದೆ ಎಂಬುದು ಪತ್ರದ ಸಾರ. ಈ ಪತ್ರ ಹೊರಗಿನವರಿಗೆ ಗೊತ್ತಾದದ್ದು ನಾಲ್ಕು ತಿಂಗಳ ನಂತರ, ಒಡಿಶಾದ ಬಾಲೇಶ್ವರದಲ್ಲಿ ಹೆಣಗಳ ಸಾಲು ಮಲಗಿದ ಮೇಲೆ.

ಹಸಿರು ದೀಪ ಸುಳ್ಳು ಹೇಳಿದ್ದು ಹೇಗೆ

ಇಂಟರ್‌ಲಾಕಿಂಗ್ ಅಂದರೆ ಏನು ಅಂತ ಗೊತ್ತಿದ್ದರೆ ಬಾಲೇಶ್ವರ ಅರ್ಥವಾಗುತ್ತದೆ. ಸಿಗ್ನಲ್ಲು, ಪಾಯಿಂಟು, ಲೆವೆಲ್ ಕ್ರಾಸಿಂಗ್ ಗೇಟು ಈ ಮೂರನ್ನೂ ಒಂದಕ್ಕೊಂದು ಕಟ್ಟಿಹಾಕುವ ವ್ಯವಸ್ಥೆ ಅದು. ಗೇಟು ಮುಚ್ಚದೆ, ಪಾಯಿಂಟು ಸರಿಯಾದ ದಾರಿಗೆ ಕೂತು ಬೀಗ ಬೀಳದೆ, ಹಸಿರು ದೀಪ ಹತ್ತಲೇಬಾರದು. ಸ್ಟೇಷನ್ ಮಾಸ್ಟರ್ ಬೇಕೆಂದರೂ ಹತ್ತಿಸಲು ಆಗಬಾರದು. ಪಾಯಿಂಟ್ ಎಲ್ಲಿದೆ ಎಂಬ ಸುದ್ದಿ ವೈರ್ ಮೂಲಕ ಪ್ಯಾನೆಲ್‌ಗೆ ಬರುತ್ತದೆ. ಆ ವೈರ್ ಹೇಳಿದ್ದನ್ನು ಇಡೀ ವ್ಯವಸ್ಥೆ ನಂಬುತ್ತದೆ.

2023ರ ಜೂನ್ 2ರ ಸಂಜೆ, ಬಾಲೇಶ್ವರ ಜಿಲ್ಲೆಯ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಆ ವೈರ್ ತಪ್ಪು ಹೇಳಿತು. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನ್‌ನ ಹಸಿರು ಸಿಗ್ನಲ್ ಇತ್ತು. ಪಾಯಿಂಟ್ ಲೂಪ್ ಲೈನ್, ಅಂದರೆ ರೈಲು ಪಕ್ಕಕ್ಕೆ ಸರಿದು ಕಾಯುವ ಹಳಿಯ ಕಡೆ ತಿರುಗಿತ್ತು. ಲೂಪ್ ಲೈನ್‌ನಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ರೈಲು ನಿಂತಿತ್ತು. ಗಂಟೆಗೆ ಸುಮಾರು 128 ಕಿ.ಮೀ. ವೇಗದಲ್ಲಿ ಬಂದ ರೈಲು ಅದಕ್ಕೆ ಗುದ್ದಿತು. ಚೆಲ್ಲಾಪಿಲ್ಲಿಯಾದ ಬೋಗಿಗಳು ಪಕ್ಕದ ಹಳಿಗೂ ಬಿದ್ದವು. ಅದೇ ಹೊತ್ತಿಗೆ ಎದುರಿನಿಂದ ಬೆಂಗಳೂರು–ಹೌರಾ ಎಕ್ಸ್‌ಪ್ರೆಸ್ ದಾಟುತ್ತಿತ್ತು. ಅದರ ಹಿಂದಿನ ಬೋಗಿಗಳೂ ಸಿಕ್ಕಿಹಾಕಿಕೊಂಡವು. ಸತ್ತವರು 290ಕ್ಕೂ ಹೆಚ್ಚು.

ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಎರಡು ಕಾರಣ ಹೇಳಿತು. ಒಂದು, ಹಿಂದೆ ಯಾವಾಗಲೋ ಸಿಗ್ನಲ್ ಸರ್ಕ್ಯೂಟ್ ಬದಲಿಸಿದಾಗ ಉಳಿದುಕೊಂಡ ದೋಷ. ಎರಡು, 94ನೇ ಗೇಟಿಗೆ ಹೊಸ ಎಲೆಕ್ಟ್ರಿಕ್ ಬ್ಯಾರಿಯರ್ ಹಾಕುವ ಕೆಲಸದಲ್ಲಿ ಆದ ಲೋಪ. ಒಂದು ಕ್ಷಣ ಇಲ್ಲಿ ನಿಲ್ಲಬೇಕು. ಅಪಘಾತ ಆದದ್ದು ಸುರಕ್ಷತೆ ಹೆಚ್ಚಿಸುವ ಕೆಲಸ ನಡೆಯುವಾಗಲೇ. ಹಳೆಯ ಗೇಟಿನ ಬದಲು ಒಳ್ಳೆಯ ಗೇಟು ಹಾಕುತ್ತಿದ್ದರು. ರೈಲು ಓಡುತ್ತಿರುವ ಹಳಿಯ ಮೇಲೆ ಸುಧಾರಣೆ ಮಾಡುವುದೇ ಒಂದು ಅಪಾಯ ಅನ್ನೋದು ಚರ್ಚೆಗಳಲ್ಲಿ ಬರುವುದೇ ಇಲ್ಲ.

ಹೊಸದುರ್ಗ ರೋಡ್ ಮತ್ತು ಬಹನಾಗಾ ಎರಡರ ಕಾರಣವೂ ಒಂದೇ ಅಂತ ಹೇಳಲಾಗದು. ಆದರೆ ಎರಡೂ ಕಡೆ ಸಿಗ್ನಲ್ ಹೇಳಿದ್ದು ಒಂದು, ಪಾಯಿಂಟ್ ಇದ್ದದ್ದು ಇನ್ನೊಂದು. ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಕಾರಣ ಪೂರಾ ಬೇರೆ ಇರಬಹುದು ಎನ್ನುವುದಕ್ಕೂ ಉದಾಹರಣೆ ಇದೆ. 2024ರ ಅಕ್ಟೋಬರ್ 11ರಂದು ಚೆನ್ನೈ ಹತ್ತಿರದ ಕವರೈಪೇಟೈಯಲ್ಲಿ ಮೈಸೂರು–ದರ್ಭಂಗಾ ಬಾಗಮತಿ ಎಕ್ಸ್‌ಪ್ರೆಸ್ ಹೀಗೇ ಲೂಪ್ ಲೈನ್‌ಗೆ ನುಗ್ಗಿ ನಿಂತ ಗೂಡ್ಸ್‌ಗೆ ಗುದ್ದಿತು. ಎಲ್ಲರೂ ‘ಇನ್ನೊಂದು ಬಾಲೇಶ್ವರ’ ಅಂದರು. ತನಿಖೆ ಮಾತ್ರ ಪಾಯಿಂಟ್‌ನ ಭಾಗಗಳನ್ನು ಯಾರೋ ಬಿಚ್ಚಿದ್ದರ ಕಡೆ ಬೊಟ್ಟು ಮಾಡಿತು. ಅದೃಷ್ಟಕ್ಕೆ ಅಲ್ಲಿ ಯಾರೂ ಸಾಯಲಿಲ್ಲ.

ಕವಚ ಏನು ಮಾಡುತ್ತದೆ, ಏನು ಮಾಡಲ್ಲ

ಕವಚ ನಮ್ಮಲ್ಲೇ ತಯಾರಾದ ರೈಲು ರಕ್ಷಣಾ ವ್ಯವಸ್ಥೆ. ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಭಾರತದ ಕಂಪನಿಗಳ ಜೊತೆ ಸೇರಿ ಮಾಡಿದ್ದು. 2020ರಲ್ಲಿ ಇದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿಕೊಂಡರು. ಹಳಿಯ ಕೆಳಗಿನ ಅಡ್ಡಪಟ್ಟಿಗಳ (ಸ್ಲೀಪರ್) ಮೇಲೆ ಸಣ್ಣ ಆರ್‌ಎಫ್‌ಐಡಿ ಟ್ಯಾಗ್, ನಿಲ್ದಾಣದಲ್ಲಿ ಒಂದು ಪೆಟ್ಟಿಗೆ, ಎಂಜಿನ್‌ನಲ್ಲಿ ಇನ್ನೊಂದು ಪೆಟ್ಟಿಗೆ, ನಡುವೆ ರೇಡಿಯೋ ಟವರ್. ರೈಲು ಟ್ಯಾಗ್ ಮೇಲೆ ಹಾದಾಗ ತಾನೆಲ್ಲಿದ್ದೇನೆ ಅಂತ ಎಂಜಿನ್‌ಗೆ ಗೊತ್ತಾಗುತ್ತದೆ. ಮುಂದಿನ ಸಿಗ್ನಲ್ ಕೆಂಪೋ ಹಸಿರೋ ಅನ್ನೋದು ರೇಡಿಯೋದಲ್ಲಿ ಬರುತ್ತದೆ. ಕೆಂಪಿದ್ದೂ ಚಾಲಕರು ಬ್ರೇಕ್ ಹಾಕದಿದ್ದರೆ ಕವಚವೇ ಹಾಕುತ್ತದೆ.

ಇದು ಯಾಕೆ ಬೇಕು ಅನ್ನೋದಕ್ಕೆ ಒಂದು ಸರಳ ಲೆಕ್ಕ ಸಾಕು. 130 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ 36 ಮೀಟರ್ ಓಡುತ್ತದೆ. ನಿಲ್ಲಬೇಕಾದರೆ ಸುಮಾರು ಒಂದು ಕಿಲೋಮೀಟರ್ ಬೇಕು. ಮಂಜು ಕವಿದ ರಾತ್ರಿಯಲ್ಲಿ, ಹತ್ತಾರು ಸಿಗ್ನಲ್ ದಾಟಿ ಬಂದ ಕಣ್ಣು ಒಂದನ್ನು ಮೂರು ಸೆಕೆಂಡ್ ತಡವಾಗಿ ನೋಡಿದರೆ ನೂರು ಮೀಟರ್ ಹೋಯಿತು. ಮನುಷ್ಯನ ಮೇಲೆ ಇಷ್ಟು ಭಾರ ಹಾಕುವುದೇ ತಪ್ಪು.

ಆದರೆ ಕವಚಕ್ಕೆ ಮಿತಿಗಳಿವೆ. ಹಳಿ ಬಿರುಕು ಬಿಟ್ಟಿದ್ದರೆ ಅದಕ್ಕೆ ಗೊತ್ತಾಗಲ್ಲ. ಚಕ್ರ ಮುರಿದರೆ ಗೊತ್ತಾಗಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಾಯಿಂಟ್ ಯಾವ ಕಡೆ ಇದೆ ಅನ್ನೋದನ್ನು ಅದು ಕೇಳುವುದು ಇಂಟರ್‌ಲಾಕಿಂಗ್‌ನಿಂದಲೇ. ಬಹನಾಗಾದಲ್ಲಿ ಇಂಟರ್‌ಲಾಕಿಂಗ್‌ಗೇ ತಪ್ಪು ಸುದ್ದಿ ಬಂದಿತ್ತು. ಅಲ್ಲಿ ಕವಚ ಇದ್ದಿದ್ದರೂ ಅದಕ್ಕೂ ‘ಮೇನ್ ಲೈನ್, ಹಸಿರು’ ಎಂದೇ ಹೇಳಿರುತ್ತಿತ್ತು. ದಾರಿ ತಪ್ಪಿದ್ದು ಲೂಪ್‌ಗೆ ಹೊಕ್ಕ ಮೇಲೆ ಗೊತ್ತಾದರೂ ನಿಲ್ಲಲು ಒಂದು ಕಿಲೋಮೀಟರ್ ಎಲ್ಲಿತ್ತು?

ಹಾಗಂತ ಕವಚ ಬೇಡ ಅಂತಲ್ಲ. ಸಿಗ್ನಲ್ ಮೀರಿ ಹೋಗುವ, ಹಿಂದಿನಿಂದ ಗುದ್ದುವ ಅಪಘಾತಗಳನ್ನು ತಡೆಯಲು ಅದಕ್ಕಿಂತ ಒಳ್ಳೆಯದು ಸದ್ಯ ನಮ್ಮ ಕೈಯಲ್ಲಿಲ್ಲ. ಅದನ್ನು ಸರ್ವರೋಗಕ್ಕೂ ಒಂದೇ ಮಾತ್ರೆ ಮಾಡಿಕೊಂಡಿದ್ದೇವೆ, ತೊಂದರೆ ಇರೋದು ಅಲ್ಲಿ.

ದುಡ್ಡಿಲ್ಲವಾ?

ದುಡ್ಡಿಲ್ಲ ಅನ್ನೋದು ಹಳೆಯ ಕಾಲಕ್ಕೆ ನಿಜವಾಗಿತ್ತು. ಅಣುವಿಜ್ಞಾನಿ ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸಮಿತಿ 2012ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಸುರಕ್ಷತೆಗೆ ಐದು ವರ್ಷದಲ್ಲಿ 1 ಲಕ್ಷ ಕೋಟಿ ರೂಪಾಯಿ ಖರ್ಚು ಮಾಡಿ, 19,000 ಕಿ.ಮೀ. ಮುಖ್ಯ ಮಾರ್ಗಗಳಿಗೆ ಆಧುನಿಕ ಸಿಗ್ನಲ್ ವ್ಯವಸ್ಥೆ ಹಾಕಿ ಎಂದಿತು. ಆಗ ಅಷ್ಟು ದುಡ್ಡು ಎಲ್ಲಿಂದ ತರೋದು ಅನ್ನೋದೇ ಪ್ರಶ್ನೆಯಾಗಿತ್ತು. 2017-18ರ ಬಜೆಟ್‌ನಲ್ಲಿ 1 ಲಕ್ಷ ಕೋಟಿಯ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ, ಅಂದರೆ ಸುರಕ್ಷತೆಗೆಂದೇ ಇಟ್ಟ ನಿಧಿ, ಘೋಷಣೆಯಾಯಿತು.

ಕೋಶ ಬಂತು, ಖರ್ಚು ಹೇಗಾಯಿತು? ಮಹಾಲೇಖಪಾಲರು, ಅಂದರೆ ಸಿಎಜಿ, 2022ರಲ್ಲಿ ಹಳಿ ತಪ್ಪುವಿಕೆಗಳ ಬಗ್ಗೆ ವರದಿ ಕೊಟ್ಟರು. 2017-18ರಿಂದ 2020-21ರವರೆಗೆ ಆದ 217 ದೊಡ್ಡ ಅಪಘಾತಗಳಲ್ಲಿ 163 ಹಳಿ ತಪ್ಪಿದ್ದೇ. ನಾಲ್ಕರಲ್ಲಿ ಮೂರು! ಸಣ್ಣವೂ ಸೇರಿ ಎಂಜಿನಿಯರಿಂಗ್ ವಿಭಾಗದ ಪಾಲಿಗೆ ಬಂದ 422 ಹಳಿ ತಪ್ಪುವಿಕೆಗಳಲ್ಲಿ 171ಕ್ಕೆ ಹಳಿಯ ನಿರ್ವಹಣೆಯೇ ಕಾರಣ. ಹಳಿಯ ಸ್ಥಿತಿ ಅಳೆಯುವ ವಾಹನಗಳ ತಪಾಸಣೆಯಲ್ಲಿ ಶೇ. 30ರಿಂದ ಶೇ. 100ರವರೆಗೆ ಕೊರತೆ. ಇಷ್ಟರ ನಡುವೆ ಸುರಕ್ಷತಾ ಕೋಶದ ದುಡ್ಡಲ್ಲಿ ಪಾದ ಒತ್ತುವ ಯಂತ್ರ, ಪಿಂಗಾಣಿ ಪಾತ್ರೆ, ಪೀಠೋಪಕರಣ ಕೊಂಡದ್ದೂ ವರದಿಯಲ್ಲಿದೆ. ನಗಬೇಕೋ ಅಳಬೇಕೋ ತಿಳಿಯದ ಪಟ್ಟಿ ಅದು.

ಈಗಿನ ಪರಿಸ್ಥಿತಿ ಬೇರೆ. ಕವಚಕ್ಕೆ ಹಳಿ ಬದಿಯ ಖರ್ಚು ಕಿಲೋಮೀಟರ್‌ಗೆ ಸುಮಾರು 50 ಲಕ್ಷ, ಒಂದು ಎಂಜಿನ್‌ಗೆ ಸುಮಾರು 80 ಲಕ್ಷ ಎಂದು ರೈಲ್ವೆಯೇ ಹೇಳಿದೆ. ಒರಟು ಲೆಕ್ಕ ಹಾಕೋಣ. ದೇಶದ ಸುಮಾರು 69,000 ಕಿ.ಮೀ. ಮಾರ್ಗಕ್ಕೆ 34,500 ಕೋಟಿ. 10,000 ಎಂಜಿನ್‌ಗೆ 8,000 ಕೋಟಿ. ಒಟ್ಟು 42,500 ಕೋಟಿ. 2024-25ರಲ್ಲಿ ಬಂಡವಾಳ ವೆಚ್ಚಕ್ಕೆ ಅಂತ ಕೇಂದ್ರ ಬಜೆಟ್‌ನಿಂದ ರೈಲ್ವೆಗೆ ಕೊಟ್ಟದ್ದು 2.52 ಲಕ್ಷ ಕೋಟಿ. ಅಂದರೆ ಒಂದೇ ವರ್ಷದ ದುಡ್ಡಿನ ಆರನೇ ಒಂದು ಭಾಗದಲ್ಲಿ ಇಡೀ ದೇಶಕ್ಕೆ ಕವಚ! ಅದೇ ವರ್ಷ ಕವಚಕ್ಕೆ ಎತ್ತಿಟ್ಟದ್ದು ಸುಮಾರು 1,112 ಕೋಟಿ.

ಇದನ್ನು ನೋಡಿ ‘ಮನಸ್ಸಿಲ್ಲ’ ಅಂತ ತೀರ್ಪು ಕೊಡುವುದು ಸುಲಭ. ಸ್ವಲ್ಪ ಮಟ್ಟಿಗೆ ಆ ಮಾತು ಸರಿಯೂ ಹೌದು. ಮೊದಲ ಹಂತದಲ್ಲಿ ದಕ್ಷಿಣ ಮಧ್ಯ ರೈಲ್ವೆಯ 1,465 ಕಿ.ಮೀ.ಗೆ ಕವಚ ಹಾಕಿದ್ದರು. 2024ರ ಮಧ್ಯದಲ್ಲಿ 4.0 ಆವೃತ್ತಿಗೆ ಒಪ್ಪಿಗೆ ಸಿಗುವವರೆಗೂ ಸಂಖ್ಯೆ ಹೆಚ್ಚೇನೂ ಮೇಲೇರಲಿಲ್ಲ. ಆದರೆ ನಾಳೆ ಬೆಳಿಗ್ಗೆ 42,500 ಕೋಟಿ ಕೊಟ್ಟರೂ ನಾಡಿದ್ದಿಗೆ ಕವಚ ಬರಲ್ಲ. ಯಾಕೆ ಅಂದರೆ ಹಳಿ ಖಾಲಿ ಇಲ್ಲ.

ಬ್ಲಾಕ್: ಎಲ್ಲರೂ ಕೇಳುವ, ಯಾರಿಗೂ ಪೂರ್ತಿ ಸಿಗದ ವಸ್ತು

ರೈಲ್ವೆಯವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಪದ ‘ಬ್ಲಾಕ್’. ಇಂತಿಷ್ಟು ಹೊತ್ತು, ಇಲ್ಲಿಂದ ಇಲ್ಲಿಯವರೆಗೆ ಯಾವ ರೈಲನ್ನೂ ಬಿಡಲ್ಲ, ನೀವು ಹಳಿಯ ಮೇಲೆ ಕೆಲಸ ಮಾಡಿಕೊಳ್ಳಿ ಅಂತ ಕೊಡುವ ಬಿಡುವು ಅದು. ಹಳಿ ಬದಲಿಸಲು ಬ್ಲಾಕ್ ಬೇಕು. ಜಲ್ಲಿ ಗಟ್ಟಿ ಮಾಡುವ ಟ್ಯಾಂಪಿಂಗ್ ಯಂತ್ರ ಓಡಿಸಲು ಬ್ಲಾಕ್ ಬೇಕು. ಮೇಲಿನ ವಿದ್ಯುತ್ ತಂತಿ ಮುಟ್ಟಲು ಬೇಕು. ಪಾಯಿಂಟ್ ಬದಲಿಸಲು, ಸಿಗ್ನಲ್ ಸರ್ಕ್ಯೂಟ್ ಬಿಚ್ಚಿ ಪರೀಕ್ಷಿಸಲು ಬೇಕು. ಕವಚ ಹಾಕುವವರೂ ಇದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ.

ಒಂದು ಬ್ಲಾಕ್ ಹೇಗೆ ಕರಗುತ್ತದೆ ನೋಡಿ. ಹಳಿ ಎಂಜಿನಿಯರ್ ಮಧ್ಯಾಹ್ನ 12ರಿಂದ 2ರವರೆಗೆ ಎರಡು ಗಂಟೆ ಕೇಳಿದ್ದಾರೆ ಅಂದುಕೊಳ್ಳಿ. ಅದಕ್ಕೂ ಮುಂಚೆ ಹೋಗಬೇಕಾದ ಎಕ್ಸ್‌ಪ್ರೆಸ್ 25 ನಿಮಿಷ ತಡ. ಅದು ದಾಟುವವರೆಗೆ ರೈಲುಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲರ್ ಬ್ಲಾಕ್ ಕೊಡಲ್ಲ. ಕೊಟ್ಟ ಮೇಲೆ ಯಂತ್ರ ಹತ್ತಿರದ ನಿಲ್ದಾಣದಿಂದ ಕೆಲಸದ ಜಾಗಕ್ಕೆ ಬರಬೇಕು, 15 ನಿಮಿಷ. ಮೇಲಿನ ವಿದ್ಯುತ್ ನಿಲ್ಲಿಸಿ ಖಾತ್ರಿ ಮಾಡಿಕೊಳ್ಳಲು ಇನ್ನೊಂದು 10. ಕೊನೆಯಲ್ಲಿ ಎಲ್ಲ ಬೋಲ್ಟ್ ಬಿಗಿದು, ಸಾಮಾನು ಎತ್ತಿ, ಯಂತ್ರವನ್ನು ವಾಪಸ್ ನಿಲ್ದಾಣಕ್ಕೆ ಕಳಿಸಲು 20. ಎರಡು ಗಂಟೆಯಲ್ಲಿ ಕೆಲಸಕ್ಕೆ ಉಳಿದದ್ದು 50 ನಿಮಿಷ. ಅಷ್ಟರಲ್ಲಿ ಕಂಟ್ರೋಲ್‌ನಿಂದ ಫೋನು: ‘ಮುಗೀತಾ? ಹಿಂದೆ ಮೂರು ರೈಲು ನಿಂತಿವೆ.’

ಕಂಟ್ರೋಲರ್ ಕೆಟ್ಟವರೇನಲ್ಲ. ಅವರ ಕೆಲಸ ಅಳೆಯುವುದು ರೈಲುಗಳ ಸಮಯಪಾಲನೆಯಿಂದ. ಹಳಿ ಎಂಜಿನಿಯರ್ ಕೆಲಸ ಅಳೆಯುವುದು ಹಳಿಯ ಸ್ಥಿತಿಯಿಂದ. ರೈಲು ತಡವಾದರೆ ಅದೇ ದಿನ ಬೈಗುಳ ಬರುತ್ತದೆ. ಹಳಿ ಕೆಲಸ ಒಂದು ದಿನ ಮುಂದೆ ಹೋದರೆ ಅವತ್ತು ಏನೂ ಆಗಲ್ಲ. ಮರುದಿನವೂ ಆಗಲ್ಲ. ತಿಂಗಳುಗಟ್ಟಲೆ ಏನೂ ಆಗದೇ ಇರಬಹುದು. ಹಾಗಾಗಿ ಪ್ರತಿ ದಿನದ ಜಗಳದಲ್ಲೂ ಗೆಲ್ಲುವುದು ಟೈಮ್‌ಟೇಬಲ್. ಯಾರೂ ತಪ್ಪು ಮಾಡದೆ, ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿ ಮಾಡುತ್ತಾ, ಹಳಿ ಮಾತ್ರ ನಿಧಾನಕ್ಕೆ ಸವೆಯುತ್ತದೆ.

ದೇಶದ ಮುಖ್ಯ ಮಾರ್ಗಗಳ ಬಹುಪಾಲು ತುಣುಕುಗಳಲ್ಲಿ ಸಾಮರ್ಥ್ಯಕ್ಕಿಂತ ಜಾಸ್ತಿ ರೈಲುಗಳು ಓಡುತ್ತಿವೆ. ಅದೂ ಒಂದೇ ವೇಗದಲ್ಲಿ ಅಲ್ಲ. 130ರಲ್ಲಿ ಹೋಗುವ ಎಕ್ಸ್‌ಪ್ರೆಸ್, ಊರೂರಲ್ಲಿ ನಿಲ್ಲುವ ಪ್ಯಾಸೆಂಜರ್, ಭಾರ ಹೊತ್ತು ಏದುಸಿರು ಬಿಡುವ ಗೂಡ್ಸ್, ಎಲ್ಲಕ್ಕೂ ಅದೇ ಹಳಿ. ವೇಗದ ರೈಲು ಮುಂದೆ ಹೋಗಬೇಕಾದರೆ ಗೂಡ್ಸ್ ಲೂಪ್ ಲೈನ್‌ಗೆ ಸರಿದು ಕಾಯಬೇಕು. ಪ್ರತಿ ಸಲ ಸರಿದಾಗಲೂ ಪಾಯಿಂಟ್ ಆ ಕಡೆ, ಈ ಕಡೆ. ಬಹನಾಗಾದಲ್ಲೂ ಕವರೈಪೇಟೈಯಲ್ಲೂ ಪ್ರಯಾಣಿಕರ ರೈಲು ಗುದ್ದಿದ್ದು ಹೀಗೆ ದಾರಿ ಬಿಟ್ಟು ಕಾಯುತ್ತಿದ್ದ ಗೂಡ್ಸ್‌ಗೇ. ಕಾರಣ ಬೇರೆ ಬೇರೆ ಇದ್ದರೂ ಅಪಾಯ ಕಾದು ನಿಂತಿದ್ದ ಜಾಗ ಒಂದೇ.

ಇದೇ ಕಣ್ಣಿಂದ ನೋಡಿದರೆ ಗೂಡ್ಸ್‌ಗೆಂದೇ ಕಟ್ಟಿದ ಪ್ರತ್ಯೇಕ ಕಾರಿಡಾರ್, ಮೂರನೇ, ನಾಲ್ಕನೇ ಹಳಿ ಇವೆಲ್ಲ ಬರೀ ವ್ಯಾಪಾರದ ಯೋಜನೆಗಳಲ್ಲ. ಹಳೆಯ ಹಳಿಗೆ ಉಸಿರಾಡಲು ಜಾಗ ಮಾಡಿಕೊಡುವ ಸುರಕ್ಷತಾ ಯೋಜನೆಗಳೂ ಹೌದು. ಆದರೆ ಖಾಲಿಯಾದ ಜಾಗಕ್ಕೆ ತಕ್ಷಣ ಹೊಸ ರೈಲು ತುಂಬಿದರೆ ಲಾಭ ಅಲ್ಲಿಗೇ ಮುಗಿಯಿತು. ಹೊಸ ರೈಲು ಬೇಕು ಅಂತ ಕೇಳದ ಸಂಸದರು ಯಾವ ಪಕ್ಷದಲ್ಲಿದ್ದಾರೆ ಹೇಳಿ!

ಜಪಾನಿನ ಶಿಂಕಾನ್‌ಸೆನ್ ಉದಾಹರಣೆ ಎಲ್ಲರೂ ಕೊಡುತ್ತಾರೆ. 1964ರಿಂದ ಓಡುತ್ತಿದೆ, ಹಳಿ ತಪ್ಪಿಯೋ ಡಿಕ್ಕಿಯಾಗಿಯೋ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಅದರ ವೇಗ, ಕಂಪ್ಯೂಟರ್, ಭೂಕಂಪ ಪತ್ತೆ ವ್ಯವಸ್ಥೆ ಎಲ್ಲ ಹೇಳುತ್ತಾರೆ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಆ ಹಳಿಯ ಮೇಲೆ ಪ್ರಯಾಣಿಕರ ರೈಲು ಓಡಲ್ಲ ಅನ್ನೋದನ್ನು ಯಾಕೋ ಯಾರೂ ಹೇಳಲ್ಲ. ಪ್ರತಿ ರಾತ್ರಿ ಆರು ಗಂಟೆ ಹಳಿ ನೋಡಿಕೊಳ್ಳುವವರದ್ದು. ನಮ್ಮ ಮುಖ್ಯ ಮಾರ್ಗಗಳಲ್ಲಿ ದೂರದೂರಿನ ರೈಲುಗಳು ಜಾಸ್ತಿ ಓಡುವುದೇ ರಾತ್ರಿ. ಹಾಗಾಗಿ ಅದನ್ನು ಹಾಗೇ ತಂದು ಇಲ್ಲಿಗೆ ಅಂಟಿಸಲು ಬರಲ್ಲ. ತತ್ವ ಮಾತ್ರ ಅದೇ.

ಬಿಡುವು ಸಿಗದಿದ್ದರೆ ಏನಾಗುತ್ತದೆ

2017ರ ಆಗಸ್ಟ್ 19, ಉತ್ತರ ಪ್ರದೇಶದ ಖತೌಲಿ. ಹಳಿಯಲ್ಲಿ ದುರಸ್ತಿ ಬೇಕಿತ್ತು. ಬ್ಲಾಕ್ ಇಲ್ಲದೆಯೇ ಕೆಲಸ ಶುರುವಾಯಿತು. ಅತ್ತ ಕಳಿಂಗ ಉತ್ಕಲ್ ಎಕ್ಸ್‌ಪ್ರೆಸ್‌ನ ಚಾಲಕರಿಗೆ ಯಾವ ಎಚ್ಚರಿಕೆಯೂ ಇರಲಿಲ್ಲ. ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ಬಂದ ರೈಲು ಹಳಿ ತಪ್ಪಿತು. ಬೋಗಿಗಳು ಪಕ್ಕದ ಮನೆಗಳಿಗೆ ನುಗ್ಗಿದವು. 20ಕ್ಕೂ ಹೆಚ್ಚು ಜನ ಸತ್ತರು. ಹಲವರು ಕೆಲಸ ಕಳೆದುಕೊಂಡರು.

ಬ್ಲಾಕ್ ಇಲ್ಲದೆ ಹಳಿ ಮುಟ್ಟಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನವೂ ಬಿಡುವು ಸಿಗದ ಕಡೆ ‘ಸುಮ್ನೆ ಎರಡು ರೈಲಿನ ನಡುವೆ ಮುಗಿಸಿಬಿಡೋಣ’ ಅನ್ನುವ ಯೋಚನೆ ಹುಟ್ಟುವುದು ಸಹಜ. ಒಂದು ಸಲ ನಡೆದರೆ ಅದು ರೂಢಿ. ಸಿಗ್ನಲ್ ಕೆಲಸದಲ್ಲೂ ಹೀಗೇ. ಉಪಕರಣ ಮುಟ್ಟುವ ಮುಂಚೆ ಸ್ಟೇಷನ್ ಮಾಸ್ಟರ್‌ಗೆ ಡಿಸ್‌ಕನೆಕ್ಷನ್ ಮೆಮೊ, ಅಂದರೆ ಇದನ್ನು ಸದ್ಯ ಬಳಕೆಯಿಂದ ತೆಗೆದಿದ್ದೇವೆ ಎಂಬ ಚೀಟಿ, ಕೊಡಬೇಕು. ಕೊಟ್ಟರೆ ಅಲ್ಲಿ ರೈಲುಗಳು ಆಮೆ ವೇಗಕ್ಕೆ ಇಳಿಯುತ್ತವೆ, ಹಿಂದೆ ಸಾಲು ಬೆಳೆಯುತ್ತದೆ. ಮೆಮೊ ಇಲ್ಲದೆ ಮುಗಿಸುವ ಆಸೆ ಅಲ್ಲಿಂದ ಬರುತ್ತದೆ.

ಜನರ ಕೊರತೆ ಇದನ್ನು ಇನ್ನಷ್ಟು ಹದಗೆಡಿಸುತ್ತದೆ. 2023ರಲ್ಲಿ ಮಾಹಿತಿ ಹಕ್ಕಿನಡಿ ಹೊರಬಂದ ಲೆಕ್ಕದಂತೆ ರೈಲ್ವೆಯಲ್ಲಿ ಸುಮಾರು 2.74 ಲಕ್ಷ ಹುದ್ದೆ ಖಾಲಿ ಇದ್ದವು. ಅವುಗಳಲ್ಲಿ 1.7 ಲಕ್ಷಕ್ಕೂ ಹೆಚ್ಚು ಸುರಕ್ಷತೆಗೆ ಸಂಬಂಧಿಸಿದವು. ಹಳಿ ನೋಡಿಕೊಳ್ಳುವ ಕೀಮ್ಯಾನ್, ಟ್ರ್ಯಾಕ್‌ಮನ್, ಜೊತೆಗೆ ಲೋಕೋ ಪೈಲಟ್, ಸಿಗ್ನಲ್ ಸಿಬ್ಬಂದಿ ಎಲ್ಲ ಆ ಪಟ್ಟಿಯವರೇ. ಆಮೇಲೆ ನೇಮಕಾತಿ ನಡೆದಿದೆ. ಆದರೆ ಹೊಸಬರು ಹಳಿಯ ಸದ್ದು ಕೇಳಿ ಬಿರುಕು ಗುರುತಿಸುವ ಮಟ್ಟಕ್ಕೆ ಬರಲು ವರ್ಷಗಳು ಹಿಡಿಯುತ್ತವೆ.

‘ಚಾಲಕರ ತಪ್ಪು’ ಎಂಬ ಮಾತು ಎಲ್ಲಿ ನಿಲ್ಲುತ್ತದೆ

2024ರ ಜೂನ್ 17ರಂದು ನ್ಯೂ ಜಲ್ಪೈಗುರಿ ಹತ್ತಿರ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗೂಡ್ಸ್ ರೈಲು ಗುದ್ದಿತು. ಹತ್ತರಷ್ಟು ಜನ ಸತ್ತರು. ಗೂಡ್ಸ್‌ನ ಲೋಕೋ ಪೈಲಟ್ ಕೂಡ ಸತ್ತವರಲ್ಲಿ ಒಬ್ಬರು. ಅದೇ ದಿನ ‘ಸಿಗ್ನಲ್ ಪಾಲಿಸಲಿಲ್ಲ’ ಎಂಬ ಆರೋಪ ಅವರ ಮೇಲೆಯೇ ಬಂತು.

ಆಮೇಲೆ ಬಂದ ತನಿಖಾ ವರದಿಯಲ್ಲಿ ಕಥೆ ಬೇರೆ ಇತ್ತು. ಬೆಳಗಿನಿಂದ ಅಲ್ಲಿನ ಸ್ವಯಂಚಾಲಿತ ಸಿಗ್ನಲ್ ಕೆಟ್ಟಿತ್ತು. ಕೆಂಪು ದೀಪ ದಾಟಿ ಹೋಗಬಹುದು ಎಂಬ ಕಾಗದವನ್ನು ಚಾಲಕರಿಗೆ ಕೊಡುತ್ತಿದ್ದರು. ಯಾವ ವೇಗದಲ್ಲಿ ಹೋಗಬೇಕು ಅಂತ ಅದರಲ್ಲಿ ಇರಲಿಲ್ಲ. ಅವತ್ತು ಆ ದಾರಿಯಲ್ಲಿ ಹೋದ ಏಳು ರೈಲುಗಳಲ್ಲಿ ಪ್ರತಿ ಕೆಟ್ಟ ಸಿಗ್ನಲ್ ಬಳಿ ನಿಂತು ನಿಧಾನಕ್ಕೆ ಸಾಗಿದ್ದು ಕಾಂಚನಜುಂಗಾ ಒಂದೇ. ಉಳಿದವರು ನಿಯಮವನ್ನು ಬೇರೆ ಥರ ಅರ್ಥ ಮಾಡಿಕೊಂಡಿದ್ದರು. ಚಾಲಕರಿಗೂ ಸ್ಟೇಷನ್ ಮಾಸ್ಟರ್‌ಗಳಿಗೂ ಈ ಸಿಗ್ನಲ್ ವ್ಯವಸ್ಥೆಯ ತರಬೇತಿ ಸಾಲದು ಎಂದು ವರದಿ ಹೇಳಿತು. ನಿಯಮ ಪಾಲಿಸಿ ನಿಂತ ರೈಲಿಗೆ ಪಾಲಿಸದೆ ಬಂದ ರೈಲು ಗುದ್ದಿತು. ಏಳರಲ್ಲಿ ಆರು ಜನ ಒಂದೇ ತಪ್ಪು ಮಾಡಿದ್ದಾರೆ ಅಂದರೆ ಅದನ್ನು ಒಬ್ಬ ಚಾಲಕನ ತಪ್ಪು ಅನ್ನೋದು ಹೇಗೆ?

ಕವಚ ನಿಜವಾಗಿಯೂ ಉಳಿಸಬಹುದಾಗಿದ್ದ ಜಾಗ ಇಂಥದ್ದು. ತನಿಖೆಯೂ ಅದನ್ನು ಬೇಗ ಹಾಕಿ ಎಂದೇ ಹೇಳಿತು.

ವಾದಗಳು

ಸರ್ಕಾರದ ವಾದ: ದಶಕಗಳ ಬಾಕಿ ಕೆಲಸವನ್ನು ಈಗ ಹಿಂದೆಂದೂ ಇಲ್ಲದ ದುಡ್ಡು ಹಾಕಿ ಮಾಡುತ್ತಿದ್ದೇವೆ, ಅಂಕಿಗಳೇ ಸಾಕ್ಷಿ. ವಿರೋಧ ಪಕ್ಷಗಳದ್ದು: ಕಣ್ಣಿಗೆ ಕಾಣುವ ಹೊಸ ರೈಲು, ಹೊಳೆಯುವ ನಿಲ್ದಾಣಗಳಿಗೆ ಆದ್ಯತೆ, ಕಾಣದ ಹಳಿ, ಸಿಗ್ನಲ್‌ಗೆ ಇಲ್ಲ. ನೌಕರರ ಸಂಘಟನೆಗಳದ್ದು: ಜನರಿಲ್ಲ, ವಿಶ್ರಾಂತಿ ಇಲ್ಲ, ಅಪಘಾತವಾದರೆ ಮೊದಲು ಅಮಾನತಾಗುವುದು ಮಾತ್ರ ಕೆಳಗಿನವರು. ಮೂರೂ ಒಂದೊಂದು ಕಡೆಯಿಂದ ಸರಿ. ಸರ್ಕಾರದ ವಾದದಲ್ಲಿರುವ ತೂತು ಅಂದರೆ, ಹಳೆಯ ಸುಲಭದ ಅಪಾಯಗಳು ಮುಗಿದಿವೆ. ಗೇಟು ತೆಗೆದಷ್ಟು ಸಲೀಸಾಗಿ ಮುಂದಿನ ಇಳಿಕೆ ಬರಲ್ಲ. ವಿರೋಧಿಗಳ ವಾದದಲ್ಲಿರುವುದು, ವಂದೇ ಭಾರತ್ ನಿಲ್ಲಿಸಿದ ಮಾತ್ರಕ್ಕೆ ಹಳಿಗೆ ಒಂದು ಗಂಟೆ ಬಿಡುವೂ ಜಾಸ್ತಿ ಸಿಗಲ್ಲ.

ತನಿಖೆ ಮಾಡುವವರ ಬಗ್ಗೆಯೂ ಒಂದು ಮಾತು. ರೈಲ್ವೆ ಸುರಕ್ಷತಾ ಆಯೋಗ ರೈಲ್ವೆಯ ಕೈಕೆಳಗೆ ಇರಬಾರದು ಅಂತ ಅದನ್ನು ವಿಮಾನಯಾನ ಸಚಿವಾಲಯದ ಕೆಳಗೆ ಇಟ್ಟಿದ್ದಾರೆ. ಆದರೆ ಅದರ ಶಿಫಾರಸುಗಳನ್ನು ಜಾರಿ ಮಾಡಬೇಕಾದದ್ದು ರೈಲ್ವೆಯೇ. ಕಾಕೋಡ್ಕರ್ ಸಮಿತಿ ಕಾನೂನಿನ ಬಲವಿರುವ ಸ್ವತಂತ್ರ ಸುರಕ್ಷತಾ ಪ್ರಾಧಿಕಾರ ಬೇಕು ಎಂದಿದ್ದು ಇದಕ್ಕೇ. ಅದು ಹಾಗೇ ಉಳಿದಿದೆ.

ಮುಂದೆ ಏನಾಗಬಹುದು

2023ರ ನವೆಂಬರ್‌ನಲ್ಲಿ ರೈಲ್ವೆ ‘ರೋಲಿಂಗ್ ಬ್ಲಾಕ್’ ಎಂಬ ಪದ್ಧತಿಯನ್ನು ಅಧಿಸೂಚನೆ ಮೂಲಕ ತಂದಿತು. ಯಾವ ಮಾರ್ಗದಲ್ಲಿ ಯಾವಾಗ ಬಿಡುವು ಕೊಡಬೇಕು ಅನ್ನೋದನ್ನು 52 ವಾರ ಮುಂಚೆಯೇ ಗೊತ್ತುಮಾಡಿ, ಅದರಂತೆ ನಡೆಯಬೇಕು ಎಂಬ ನಿಯಮ. ಕಾಗದದಲ್ಲಿ ಇದು ತುಂಬಾ ದೊಡ್ಡ ಹೆಜ್ಜೆ. ಸುದ್ದಿಯಾಗಲಿಲ್ಲ, ಯಾಕೆಂದರೆ ಬಾವುಟ ತೋರಿಸಲು ಅಲ್ಲಿ ಏನೂ ಇರಲಿಲ್ಲ. ನಿಯಮ ಕೆಲಸ ಮಾಡುತ್ತಿದೆಯೇ ಅಂತ ತಿಳಿಯಲು ನೋಡಬೇಕಾದದ್ದು ಒಂದೇ ಲೆಕ್ಕ: ಕೇಳಿದ ಬ್ಲಾಕ್ ಎಷ್ಟು ಗಂಟೆ, ಕೊಟ್ಟದ್ದು ಎಷ್ಟು. ಸಂಸತ್ತಿನಲ್ಲಿ ಪ್ರತಿ ಅಧಿವೇಶನದಲ್ಲೂ ಕವಚ ಎಷ್ಟು ಕಿಲೋಮೀಟರ್ ಆಯಿತು ಅಂತ ಕೇಳುತ್ತಾರೆ. ಇದನ್ನೂ ವಿಭಾಗವಾರು ಕೇಳಬಹುದು.

ನಿಯಮ ನಿಜಕ್ಕೂ ಪಾಲನೆಯಾದರೆ ಅದರ ಬಿಸಿ ಮೊದಲು ತಟ್ಟುವುದು ಪ್ರಯಾಣಿಕರಿಗೆ. ಕೆಲವು ರೈಲುಗಳ ಓಡುವ ಸಮಯ ಹೆಚ್ಚುತ್ತದೆ. ಕೆಲವು ಪ್ಯಾಸೆಂಜರ್‌ಗಳು ವಾರಗಟ್ಟಲೆ ರದ್ದಾಗುತ್ತವೆ. ಹೆಚ್ಚಾಗಿ ಬಡವರು ಹತ್ತುವ ನಿಧಾನದ ರೈಲುಗಳ ಕುತ್ತಿಗೆಗೇ ಮೊದಲು ಕತ್ತರಿ ಬೀಳುತ್ತದೆ. ಅಂಥ ಕಡೆ ಬದಲಿ ಬಸ್ಸಿನ ಏರ್ಪಾಡು ಮಾಡದಿದ್ದರೆ ಸ್ಥಳೀಯರ ಸಿಟ್ಟು ಸಂಸದರಿಗೆ, ಸಂಸದರ ಫೋನು ವಿಭಾಗದ ಕಚೇರಿಗೆ ಹೋಗುತ್ತದೆ. ಅಲ್ಲಿಗೆ ಬ್ಲಾಕ್ ಮತ್ತೆ 50 ನಿಮಿಷಕ್ಕೆ ಇಳಿಯುತ್ತದೆ.

ಪತ್ರಿಕೆಯ ಒಳಪುಟದಲ್ಲಿ, ಮದುವೆ ಮಂಟಪದ ಜಾಹೀರಾತಿನ ಪಕ್ಕ ಆಗಾಗ ಒಂದು ಸಣ್ಣ ಸುದ್ದಿ ಬರುತ್ತದೆ: ‘ಲೈನ್ ಬ್ಲಾಕ್ ಕಾರಣ ಈ ಕೆಳಗಿನ ರೈಲುಗಳು ಭಾಗಶಃ ರದ್ದು’. ಹಳಿಗೆ ಬಿಡುವು ಸಿಕ್ಕಿದ ಸುದ್ದಿ ಹೊರಗಿನವರಿಗೆ ಕಾಣುವುದು ಆ ನಾಲ್ಕು ಸಾಲಿನಲ್ಲಿ ಮಾತ್ರ.